ಸಿಗಾರ್ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ

ಸಂಪಾದಕರಿಗೆ ನಮಸ್ಕಾರ.

ಸಿಗಾರ್ ಒಣಗದಂತೆ ಇಡುವ ಮರದ ಪೆಟ್ಟಿಗೆ, ಅಂದರೆ ಹ್ಯುಮಿಡಾರ್ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಟಿಪ್ಪಣಿ ಓದಿದೆ. ಹೊಸ ಪೆಟ್ಟಿಗೆಯ ಒಳಗೆ ಒದ್ದೆ ಬಟ್ಟೆಯಿಂದ ಒರೆಸಿ, ಮರುದಿನವೇ ಸಿಗಾರ್ ತುಂಬಿ ಎಂದು ಬರೆದಿದ್ದೀರಿ. ನಾನು ಕಲಬುರಗಿಯಲ್ಲಿ ಬಡಿಗ ಕೆಲಸ ಮಾಡುವವನು. ಬೀಡಿಯನ್ನೂ ಸೇದಿದವನಲ್ಲ. ಆದರೆ ಹೈದರಾಬಾದಿನ ಗಿರಾಕಿಗಳಿಗೆ ಇಂಥ ಪೆಟ್ಟಿಗೆ ಮಾಡಿಕೊಡುತ್ತೇನೆ. ಹಾಗಾಗಿ ಮರದ ಪರವಾಗಿ ಎರಡು ಮಾತು.

ಒಳಗೆ ಹಾಕುವುದು ಸ್ಪ್ಯಾನಿಷ್ ಸೀಡರ್ ಹಲಗೆ. ಮಧ್ಯ ಅಮೆರಿಕದ ಕಡೆಯ ಮರ, ನಮ್ಮ ಬೇವಿನ ಕುಟುಂಬಕ್ಕೇ ಸೇರಿದ್ದು. ಅದಕ್ಕೆ ಪಾಲಿಶ್, ವಾರ್ನಿಷ್ ಏನೂ ಬಳಿಯುವುದಿಲ್ಲ. ಮರವೇ ತೇವ ಕುಡಿದು ಮರವೇ ಬಿಡಬೇಕಲ್ವಾ? ಹೊಸ ಹಲಗೆ ಒಣಗಿರುತ್ತದೆ. ಹಾಗೇ ಸಿಗಾರ್ ಇಟ್ಟರೆ ಅವುಗಳ ತೇವವನ್ನೇ ಎಳೆದುಕೊಳ್ಳುತ್ತದೆ. ಮೊದಲು ಮರಕ್ಕೆ ತೇವ ಕುಡಿಸಬೇಕು ಅನ್ನೋದೇನೋ ಸರಿ. ಆದರೆ ಒರೆಸಿದರೆ ಹಲಗೆಯ ಒಂದೇ ಮೈ ಒಮ್ಮೆಲೇ ಉಬ್ಬುತ್ತದೆ, ಹಿಂದಿನ ಮೈ ಒಣಗಿಯೇ ಇರುತ್ತದೆ. ಹಲಗೆ ಸೊಟ್ಟಗಾಗುತ್ತದೆ, ಮುಚ್ಚಳ ಕೂರುವುದಿಲ್ಲ. ಮುಚ್ಚಳ ಕೂರದ ಮೇಲೆ ಅದು ಹ್ಯುಮಿಡಾರ್ ಅಲ್ಲ, ಸುಮ್ನೆ ಒಂದು ಡಬ್ಬ.

ಸಣ್ಣ ಬಟ್ಟಲಲ್ಲಿ ಹೊಸ ಸ್ಪಂಜು ಇಟ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಸ್ಪಂಜು ಮರಕ್ಕೆ ತಾಗದಂತೆ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿಬಿಡಿ. ವಾರ ಹಿಡಿಯಬಹುದು, ಎರಡು ವಾರವೂ ಆಗಬಹುದು. ನಳದ ನೀರು, ಬೋರ್ ನೀರು ಬೇಡವೇ ಬೇಡ. ಶಹಾಬಾದ್ ಕಲ್ಲಿನ ಸೀಮೆ ನಮ್ಮದು, ನೀರಲ್ಲಿ ಸುಣ್ಣ ಎಷ್ಟಿದೆ ಅಂತ ಮನೆಯ ಗೀಸರ್ ನೋಡಿದರೆ ಗೊತ್ತಾಗುತ್ತದೆ. ಬಟ್ಟಲಿನ ರಗಳೆ ಬೇಡ ಅನ್ನುವವರಿಗೆ ಬೊವೆಡಾ ಕಂಪನಿಯ, ತೇವ ಬಿಡುವ 84 ನಂಬರಿನ ಪೊಟ್ಟಣ ಸಿಗುತ್ತದೆ. ಅದನ್ನಿಟ್ಟು 14 ದಿನ ಮುಚ್ಚಳ ತೆಗೆಯದಿದ್ದರೆ ಆಯಿತು. ತೆಗೆಯದೆ ಇರುವುದೇ ಗಿರಾಕಿಗಳಿಗೆ ಕಷ್ಟ!

ಪೆಟ್ಟಿಗೆ ಜೊತೆ ಬರುವ ತೇವದ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಕಲಸಿ. ಉಪ್ಪು ಕರಗಬಾರದು, ಹಸಿ ಮರಳಿನ ಹಾಗಿರಬೇಕು. ಮೀಟರ್ ಜೊತೆ ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಒಂದು ದಿನ ಮುಚ್ಚಿಡಿ. ಮುಳ್ಳು ಶೇಕಡಾ 75ಕ್ಕೆ ನಿಲ್ಲಬೇಕು. 70 ತೋರಿಸಿದರೆ ಮೀಟರ್ 5 ಕಡಿಮೆ ಹೇಳುತ್ತಿದೆ ಅಂತ ತಿಳಿದುಕೊಳ್ಳಿ. ಸೀಸನಿಂಗ್, ಅಂದರೆ ಮರಕ್ಕೆ ತೇವ ಕುಡಿಸುವ ಕೆಲಸ ಮುಗಿದ ಮೇಲೆ ಪೆಟ್ಟಿಗೆಯೊಳಗೆ 65ರಿಂದ 70 ನಿಂತರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಬೂಸಲು ಬರುವ ಭಯ.

ಇನ್ನೊಂದು ವಿಷಯ ನಿಮ್ಮ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಬಿಸಿ ಏರಿದರೆ ತಂಬಾಕಿನೊಳಗಿನ ಹುಳದ ಮೊಟ್ಟೆ ಒಡೆಯುತ್ತದೆ. 20 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಫ್ರಿಜ್ ಮೇಲೆ, ಟಿವಿ ಪಕ್ಕ ಶೋಕಿಗೆ ಇಡುವವರು ಇದನ್ನು ಯೋಚಿಸಲಿ. ಎಸಿ ಇರುವ ಕೋಣೆಯಲ್ಲಿ, ಬಿಸಿಲು ಬೀಳದ ಕಪಾಟಿನೊಳಗೆ ಇಡುವುದೇ ವಾಸಿ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕಿ. ಸೊಟ್ಟಗಾದ ಮುಚ್ಚಳ ಹಿಡಿದುಕೊಂಡು ರಿಪೇರಿಗೆ ಬರುವವರಿಗೆ ನಾನು ಏನೂ ಮಾಡಿಕೊಡಲಾರೆ. ರಂದಾ ಹೊಡೆಯಲು ಆ ಹಲಗೆಯಲ್ಲಿ ಅಷ್ಟು ದಪ್ಪವೇ ಇರುವುದಿಲ್ಲ.

– ಒಬ್ಬ ಬಡಿಗ, ಕಲಬುರಗಿ