ಫೋಟೋದಲ್ಲಿ ಇಲ್ಲದ ಕುರ್ಚಿ

ಪ್ರೀತಿಯ ತಂಗಿ,

ನಿನ್ನ ಮೆಸೇಜ್ ರಾತ್ರಿ ಒಂದೂವರೆಗೆ ಬಂದಿದೆ. 'ಎಲ್ಲರ ಪುಸ್ತಕವೂ ಬರ್ತಿದೆ ಅಕ್ಕ, ನಾನು ಮಾತ್ರ ಒಂದೇ ಕಥೆಯ 11ನೇ ಪುಟದಲ್ಲಿ ಕೂತಿದ್ದೀನಿ, ಹೊಟ್ಟೆಕಿಚ್ಚಾಗುತ್ತೆ' ಅಂತ. ಜೊತೆಗೆ, ಇನ್‌ಸ್ಟಾಗ್ರಾಂನಲ್ಲಿ ನಾನು ಹಾಕಿದ ನನ್ನ ಮೇಜಿನ ಫೋಟೋ ನೋಡಿದರೇನೇ ನಾನೆಷ್ಟು ನೆಮ್ಮದಿಯಾಗಿ ಬರೆಯುತ್ತೇನೆ ಅಂತ ಗೊತ್ತಾಗುತ್ತದಂತೆ!

ಆ ಫೋಟೋದ ಕಥೆ ಕೇಳು. ಮೇಜಿನ ಮೇಲೆ ಮಾತ್ರೆಗಳು, ಕಟ್ಟದ ಬಿಲ್ಲು, ಒದ್ದೆ ಟವೆಲ್ಲು ಬಿದ್ದಿದ್ದವು. ಎಲ್ಲವನ್ನೂ ಪಕ್ಕದ ಕುರ್ಚಿಗೆ ತಳ್ಳಿದೆ. ಪೆನ್ನಿನ ಕ್ಯಾಪ್ ತೆಗೆದು ಹಾಳೆಯ ಮೇಲೆ ಓರೆಯಾಗಿ ಇಟ್ಟೆ. ಅದರಲ್ಲಿ ಇಂಕೇ ಇರಲಿಲ್ಲ. ಆ ವಾರವೇ ಪ್ರಕಾಶಕರೊಬ್ಬರು ನನ್ನ ಹಸ್ತಪ್ರತಿ ವಾಪಸ್ ಕಳಿಸಿದ್ದರು. ಅದರ ಫೋಟೋ ಹಾಕಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಲೂ ಇಲ್ಲ. ಸುಮ್ನೆ ಮೇಜು ಚೊಕ್ಕ ಮಾಡಿದೆ, ಅಷ್ಟೇ ಅಂದುಕೊಂಡೆ. ನಿನ್ನ ನಿದ್ದೆ ಕೆಡಿಸುತ್ತಿರುವವರೂ ಹಾಗೇ ಅಂದುಕೊಂಡಿರುತ್ತಾರೆ.

ಹೊಟ್ಟೆಕಿಚ್ಚಿಗೆ ನಾಚಿಕೆ ಬೇಡ. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ಸುಮಾರಾಗಿ ತನ್ನಂಥವರ ಜೊತೆಗೇ ಅಂತ ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಬರೆದಿದ್ದರು. ನೊಬೆಲ್ ಬಂದವರನ್ನು ಕಂಡು ನಿನಗೇನೂ ಆಗುವುದಿಲ್ಲ. ಜೊತೆಗೆ ಓದಿದವಳ ಪುಸ್ತಕದ ಮುಖಪುಟ ಕಂಡರೆ ಆಗುತ್ತದೆ, ಅಲ್ವಾ? ಮೊದಲು ಅಂಥ ಜೊತೆಯವರು ಹತ್ತಿಪ್ಪತ್ತು ಜನ ಇರುತ್ತಿದ್ದರು. ಅವರ ಜ್ವರ, ಜಗಳ, ಸಾಲ ಎಲ್ಲ ನಮಗೆ ಗೊತ್ತಿರುತ್ತಿತ್ತು. ಈಗ ನೂರಾರು ಜನ, ಗೊತ್ತಿರುವುದು ಮುಖಪುಟ ಮಾತ್ರ.

ಅದೂ ಎಲ್ಲರ ಮುಖಪುಟ ಅಲ್ಲ. 2016ರಲ್ಲಿ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಹಾಕಿದ ಹೊತ್ತಿನ ಪ್ರಕಾರ ಜೋಡಿಸುವುದನ್ನು ಬಿಟ್ಟು, ನಮಗೆ ಯಾವುದು ಹಿಡಿಸಬಹುದು ಅಂತ ಲೆಕ್ಕ ಹಾಕಿ ಜೋಡಿಸಲು ಶುರು ಮಾಡಿತು. ಪುಸ್ತಕ ಬಿಡುಗಡೆಯ ಫೋಟೋದ ಮುಂದೆ ನೀನು ಖುಷಿಯಿಂದ ನಿಂತೆಯೋ, ಉರಿದುಕೊಂಡು ನಿಂತೆಯೋ, ಆ ಲೆಕ್ಕಕ್ಕೆ ತಿಳಿಯುವುದಿಲ್ಲ. ನಿಂತೆ ಅನ್ನುವುದಷ್ಟೇ ತಿಳಿಯುತ್ತದೆ. ಹಾಗಾಗಿ ನೀನು ಹೇಳುವ ಆ 'ಎಲ್ಲರನ್ನೂ' ಅರ್ಧ ಆರಿಸಿದ್ದು ನಿನ್ನ ಬೆರಳೇ.

ಫಾಲೋವರ್ಸ್ ವಿಷಯಕ್ಕೂ ಒಂದು ತಮಾಷೆ ಇದೆ. ಹೆಚ್ಚಿನವರಿಗೆ, ತಮಗಿಂತ ತಮ್ಮ ಗೆಳೆಯರಿಗೇ ಗೆಳೆಯರು ಜಾಸ್ತಿ ಅಂತ ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ 1991ರಲ್ಲಿ ಲೆಕ್ಕ ಮಾಡಿ ತೋರಿಸಿದರು. ಜಾಸ್ತಿ ಗೆಳೆಯರಿರುವವರು ಜಾಸ್ತಿ ಜನರ ಪಟ್ಟಿಯಲ್ಲಿ ಇರುತ್ತಾರಲ್ಲ, ಅದಕ್ಕೇ. ನೀನು ಹಿಂದೆ ಬಿದ್ದಿದ್ದೀಯ ಅಂತ ಅನ್ನಿಸಿದರೆ, ಬಹಳ ಜನರಿಗೆ ಹಾಗೇ ಅನ್ನಿಸುತ್ತಿದೆ.

ಫೋನ್ ಬಿಸಾಡು ಅನ್ನುವುದಿಲ್ಲ. ನಾನೇ ಬಿಸಾಡಿಲ್ಲ. ಆದರೆ ಕಥೆ ಬರೆಯುವವರಿಗೆ ಕುರ್ಚಿಗೆ ತಳ್ಳಿದ್ದೇ ಸರಕು. ಗೆಳತಿಯ ಮುಖಪುಟಕ್ಕೆ ಹಾರ್ಟ್ ಒತ್ತಿ, ಫೋನನ್ನು ಮಗುಚಿಟ್ಟು, ಎರಡು ನಿಮಿಷಕ್ಕೆ ಮತ್ತೆ ತೆಗೆದು ನೋಡಿದವಳು ಒಬ್ಬಳು ಇದ್ದಾಳಲ್ಲ, ಅವಳನ್ನು ನಿನ್ನ 12ನೇ ಪುಟಕ್ಕೆ ಕರೆದುಕೊಂಡು ಬಾ.

ಆ 11 ಪುಟ ಇದ್ದ ಹಾಗೇ ನನಗೆ ಕಳಿಸು. ಟೈಪ್ ಮಾಡಿ ಕಳಿಸು, ಫೋಟೋ ತೆಗೆದು ಬೇಡ. ನನ್ನ ಕಣ್ಣು ಮೊದಲಿನ ಹಾಗಿಲ್ಲ.

ನಿನ್ನ
ಅಕ್ಕ