ಮುಂದಿನ ಬೆಂಚು ಸಾಲದು: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಶ್ರವಣದೋಷವುಳ್ಳ ಮಗು ಸಾಮಾನ್ಯ ಶಾಲೆಗೆ ಸೇರಿದರೆ ನಮ್ಮಲ್ಲಿರುವುದು ಒಂದೇ ಮದ್ದು: ಮುಂದಿನ ಬೆಂಚಿನಲ್ಲಿ ಕೂರಿಸುವುದು. ‘ಕಿವಿ ಕೇಳದಿದ್ದರೇನು, ಕಣ್ಣು ಚುರುಕಿದೆಯಲ್ಲ’ ಎಂಬ ಸಮಾಧಾನ ಬೇರೆ.

ಹುಟ್ಟಿನಿಂದ ಕಿವುಡರಾದವರ ದೃಷ್ಟಿ ಉಳಿದವರಿಗಿಂತ ಸೂಕ್ಷ್ಮವೇನಲ್ಲ. ಬದಲಾಗುವುದು ಗಮನ. ನೋಟದ ಅಂಚಿನಲ್ಲಾಗುವ ಚಲನೆಯನ್ನು ಅವರು ಬೇಗ ಹಿಡಿಯುತ್ತಾರೆ; 1987ರಲ್ಲೇ ಹೆಲೆನ್ ನೆವಿಲ್ ಮತ್ತು ಡೊನಾಲ್ಡ್ ಲಾಸನ್ ಇದನ್ನು ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಳೆದು ತೋರಿಸಿದ್ದರು. ಹಾಗಾಗಿ ವರಾಂಡದಲ್ಲಿ ಯಾರಾದರೂ ಹಾದುಹೋದರೆ ಮಗು ಅತ್ತ ನೋಡುತ್ತದೆ, ‘ಪಾಠದ ಕಡೆ ಗಮನವಿಲ್ಲ’ ಎಂದು ಬೈಸಿಕೊಳ್ಳುತ್ತದೆ. ಮುಂದಿನ ಬೆಂಚಿನಲ್ಲಿದ್ದರಂತೂ ಉತ್ತರ ಹೇಳುತ್ತಿರುವವರು ಯಾರೆಂದು ತಿರುಗಿ ಹುಡುಕುವಷ್ಟರಲ್ಲಿ ಉತ್ತರವೇ ಮುಗಿದಿರುತ್ತದೆ.

ಇನ್ನು ಮುಖದ ವಿಚಾರ. ಸಂಜ್ಞೆ ಭಾಷೆಯ ವ್ಯಾಕರಣ ಬರೀ ಕೈಯಲ್ಲಿಲ್ಲ. ಹುಬ್ಬು, ಬಾಯಿ, ತಲೆಯ ಭಂಗಿಯಲ್ಲೂ ಇದೆ. ಅದನ್ನು ಚಿಕ್ಕಂದಿನಿಂದ ಬಳಸಿದವರು ಹೋಲುವ ಮುಖಗಳ ನಡುವಿನ ಸಣ್ಣ ವ್ಯತ್ಯಾಸಗಳನ್ನು, ಅದರಲ್ಲೂ ಬಾಯಿಯ ಸುತ್ತಲಿನವನ್ನು, ಚೆನ್ನಾಗಿ ಗುರುತಿಸುತ್ತಾರೆ. ಒಮ್ಮೆ ಕಂಡ ಮುಖವನ್ನು ನೆನಪಿಡುವುದರಲ್ಲಿ ಮಾತ್ರ ಎಲ್ಲರಂತೆಯೇ. ಗಮನಿಸಬೇಕಾದ್ದು ಇದು: 1997ರ ಅಧ್ಯಯನವೊಂದರಲ್ಲಿ, ಕಿವುಡ ತಂದೆತಾಯಿಗೆ ಹುಟ್ಟಿ ಸಂಜ್ಞೆ ಭಾಷೆಯಲ್ಲೇ ಬೆಳೆದ, ಕಿವಿ ಕೇಳುವವರಲ್ಲೂ ಮುಖಗಳ ವ್ಯತ್ಯಾಸ ಗುರುತಿಸುವ ಈ ಜಾಣ್ಮೆ ಕಂಡಿತು. ಅಂದರೆ ಇದು ಭಾಷೆ ಕೊಟ್ಟದ್ದು. ಭಾಷೆಯನ್ನೇ ಕೊಡದ ಮಗುವಿನಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ.

ತುಟಿ ನೋಡಿ ತಿಳಿದುಕೊಳ್ಳಲಿ ಎನ್ನುವವರಿದ್ದಾರೆ. ತಾವೇ ಕನ್ನಡಿಯ ಮುಂದೆ ದನಿ ಹೊರಡಿಸದೆ ‘ಮರ’, ‘ಬರ’, ‘ಪರ’ ಎಂದು ನೋಡಿ. ಮೂರಕ್ಕೂ ತುಟಿಯ ಆಕಾರ ಒಂದೇ. ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಹೊರಗೆ ಕಾಣುವುದೇ ಕಷ್ಟ.

ಮೊದಲು ಒಂದು ಸುತ್ತೋಲೆ ಹೊರಡಿಸಿ, ಅದಕ್ಕೆ ದುಡ್ಡು ಬೇಕಿಲ್ಲ. ಬೆಂಚುಗಳನ್ನು ಅರ್ಧವೃತ್ತವಾಗಿ ಜೋಡಿಸಲಿ. ಜಾಗವಿಲ್ಲದಿದ್ದರೆ ಮಗುವನ್ನು ಎರಡನೇ ಸಾಲಿನ ತುದಿಯಲ್ಲಿ, ಬಾಗಿಲಿಗೆ ದೂರವಾಗಿ, ಗೋಡೆಗೆ ಬೆನ್ನು ಕೊಟ್ಟು ಓರೆಯಾಗಿ ಕೂರಿಸಲಿ. ಬೋರ್ಡೂ ಸಹಪಾಠಿಗಳೂ ಒಟ್ಟಿಗೆ ಕಾಣುತ್ತಾರೆ. ಶಿಕ್ಷಕರು ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗುತ್ತದೆ. ಬೆಳಕು ಅವರ ಮುಖದ ಮೇಲೆ ಬೀಳಬೇಕು. ಟ್ಯೂಬ್‌ಲೈಟಿನ ಕೆಳಗೆ ಫ್ಯಾನ್ ತಿರುಗುತ್ತಿದ್ದರೆ ಬೆಳಕು ಮಿಣುಕಿ ಕಣ್ಣು ದಣಿಯುತ್ತದೆ, ಎರಡರಲ್ಲೊಂದರ ಜಾಗ ಬದಲಿಸಲಿ. ಬೋರ್ಡಿಗೆ ಬರೆಯುತ್ತ ಮಾತಾಡುವುದು ಬೇಡ: ಬರೆದು, ತಿರುಗಿ, ಆಮೇಲೆ ಹೇಳಲಿ. ‘ಚಿತ್ರ ನೋಡಿ’ ಎಂದ ಮೇಲೆ ಮಗು ಮತ್ತೆ ತಲೆ ಎತ್ತುವವರೆಗೆ ಕಾಯಲಿ. ಪುಸ್ತಕವನ್ನೂ ಮುಖವನ್ನೂ ಒಂದೇ ಸಲ ನೋಡಲಾಗದು.

ದುಡ್ಡು ಬೇಕಿರುವುದು ಸಂಜ್ಞೆ ಭಾಷೆಯ ಶಿಕ್ಷಕರಿಗೆ. ಅವರನ್ನು ಹೈಸ್ಕೂಲಿನಲ್ಲಲ್ಲ, ಅಂಗನವಾಡಿ ಮತ್ತು ಒಂದನೇ ತರಗತಿಯ ಹಂತದಲ್ಲೇ ನೇಮಿಸಿ.

ಇಂತಿ,
ಶ್ರವಣದೋಷವುಳ್ಳ ಮಕ್ಕಳ ಶಿಕ್ಷಕರು