ದೇವರಾಜ ಮಾರ್ಕೆಟ್‌ನ ಎಲೆ ಅಂಗಡಿ ಅಜ್ಜಿಗೆ

ಅಜ್ಜೀ, ನಿಮ್ಮ ಹೆಸ್ರೂ ಕೇಳ್ಲಿಲ್ಲ ನಾನು. ಮೊನ್ನೆ ಮೈಸೂರಲ್ಲಿ ಅಮ್ಮಂಗೋಸ್ಕರ ಒಬ್ರು ಗೈಡ್‌ನ ಗೊತ್ತು ಮಾಡ್ಕೊಂಡು ಫುಡ್ ವಾಕ್ ಹೊರಟಿದ್ವಿ, ನಜರ್‌ಬಾದಲ್ಲಿ ಬೆಣ್ಣೆ ಕರಗ್ತಿದ್ದ ಮೈಲಾರಿ ದೋಸೆ, ಆಮೇಲೆ ಸಯ್ಯಾಜಿರಾವ್ ರಸ್ತೇಲಿ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನವರ ಮನೆತನದವ್ರ ಅಂಗಡಿ ಮೈಸೂರು ಪಾಕ್, ಅಲ್ಲೀವರ್ಗೂ ಅಮ್ಮ ಚೆನ್ನಾಗೇ ಇದ್ರು. ಮಾರ್ಕೆಟ್ ಒಳಗೆ ತಲೆ ಸುತ್ತಿ ಕೂತೇಬಿಟ್ರು. ನೀವು ವ್ಯಾಪಾರ ಬಿಟ್ಟು ಎದ್ದು ಬಂದು, ಎಲೆಗೆ ಹೊದಿಸಿದ್ದ ಒದ್ದೆ ಗೋಣಿ ಸರಿಸಿ ಜಾಗ ಮಾಡಿ, ನೀರು ಕುಡ್ಸಿ, "ಏನೂ ಆಗಲ್ಲ ಕಣವ್ವ" ಅಂತ ರಟ್ಟಲ್ಲಿ ಗಾಳಿ ಬೀಸ್ತಾ ಅರ್ಧ ಗಂಟೆ ಪಕ್ಕದಲ್ಲೇ ಕೂತ್ರಿ. ದುಡ್ಡು ಕೊಡೋಕೆ ಬಂದ್ರೆ ತಗೊಳ್ಲಿಲ್ಲ, ಮೇಲೊಂದು ಕಟ್ಟು ವೀಳ್ಯದೆಲೆ ಬೇರೆ ಕೊಟ್ರಿ. ಅಮ್ಮ ಈಗ ಆರಾಮಾಗಿದಾರೆ ಅಜ್ಜಿ, ಊಟ ಆದ್ಮೇಲೆ ನಿಮ್ಮ ಎಲೇನೇ ಹಾಕ್ಕೊಳ್ತಿದಾರೆ. ತುಂಬಾ ತುಂಬಾ ಥ್ಯಾಂಕ್ಸ್.